ಹೆಸರಿಸುವ ವಾಕ್ಯಗಳ ರಚನೆ: ಇಂಗ್ಲಿಷ್ ಮತ್ತು ಚೀನೀ ಭಾಷೆಗಳ ತೌಲನಿಕ ವಿವೇಚನೆ

ಹೆಸರಿಡುವುದು ಮತ್ತು ಹೆಸರಿನಿಂದ ಕರೆಯುವುದು ಒಂದೇ ಕ್ರಿಯೆಯಲ್ಲ. ಮೊದಲನೆಯದು ಒಮ್ಮೆ ನಡೆದು ಮುಗಿಯುವ ಘಟನೆ; ಎರಡನೆಯದು ಆ ಘಟನೆಯ ಬಲದಿಂದ ಮುಂದೆ ಸಾಗುವ ರೂಢಿ. ಕನ್ನಡದ ವಿಭಕ್ತಿಗಳು ಈ ಭೇದವನ್ನು ಸ್ಪಷ್ಟವಾಗಿ ತೋರಿಸುತ್ತವೆ. ‘ಮಗುವಿಗೆ ಗೌರಿ ಎಂದು ಹೆಸರಿಟ್ಟರು’ ಎಂಬಲ್ಲಿ ಮಗು ಚತುರ್ಥಿಯಲ್ಲಿದೆ. ‘ಮಗುವನ್ನು ಗೌರಿ ಎಂದು ಕರೆದರು’ ಎಂಬಲ್ಲಿ ದ್ವಿತೀಯೆಯಲ್ಲಿದೆ. ಇಡುವಾಗ ಹೆಸರು ಒಂದು ವಸ್ತು, ಮಗು ಅದನ್ನು ಪಡೆಯುವ ವ್ಯಕ್ತಿ. ಕರೆಯುವಾಗ ಮಗುವೇ ಕ್ರಿಯೆಯ ಗುರಿ. ಎರಡು ವಾಕ್ಯಗಳಲ್ಲಿಯೂ ಹೆಸರು ಮಾತ್ರ ‘ಎಂದು’ ಎಂಬ ಉಕ್ತಿಸೂಚಕದ ಆಸರೆಯಲ್ಲಿಯೇ ನಿಲ್ಲುತ್ತದೆ.

ಹೆಸರಿಸುವಿಕೆಯ ತಾತ್ವಿಕ ಚರ್ಚೆ ಕಳೆದ ಶತಮಾನದಲ್ಲಿ ಬಹುಮಟ್ಟಿಗೆ ಇಂಗ್ಲಿಷ್ ವಾಕ್ಯಗಳನ್ನು ಮುಂದಿಟ್ಟುಕೊಂಡು ಬೆಳೆಯಿತು. 1955ರ ಹಾರ್ವರ್ಡ್ ಉಪನ್ಯಾಸಗಳಲ್ಲಿ ಜೆ. ಎಲ್. ಆಸ್ಟಿನ್ ಹಡಗಿಗೆ ಹೆಸರಿಡುವ ಮಾತನ್ನು ಕಾರ್ಯಸಾಧಕ ನುಡಿಗೆ ನಿದರ್ಶನವಾಗಿ ಕೊಟ್ಟರು. 1970ರ ಪ್ರಿನ್ಸ್‌ಟನ್ ಉಪನ್ಯಾಸಗಳಲ್ಲಿ ಸಾಲ್ ಕ್ರಿಪ್ಕಿ ಹೆಸರಿನ ನಿರ್ದೇಶನಶಕ್ತಿಯ ಮೂಲವನ್ನು ಆದಿ ನಾಮಕರಣದಲ್ಲಿ ಗುರುತಿಸಿದರು. ಆದರೆ ನಾಮಕರಣವನ್ನು ವರ್ಣಿಸುವ ವಾಕ್ಯದ ಒಳಗೆ ಹೆಸರಿಗೆ ಯಾವ ವ್ಯಾಕರಣಸ್ಥಾನ ಸಲ್ಲುತ್ತದೆ ಎಂಬ ಪ್ರಶ್ನೆ ಬೇರೆಯೇ ಆದದ್ದು. ‘ದೇ ನೇಮ್ಡ್ ದ ಬೇಬಿ ಮೇರಿ’ ಎಂಬ ವಾಕ್ಯದಲ್ಲಿ ‘ಮೇರಿ’ ಯಾವುದು? ವ್ಯಕ್ತಿಯನ್ನು ನಿರ್ದೇಶಿಸುವ ಎರಡನೆಯ ಕರ್ಮವೆ, ಮಗುವಿನ ಕುರಿತಾದ ವಿಧೇಯವೆ, ಅಥವಾ ಉದ್ಧರಿಸಿದ ಒಂದು ಶಬ್ದಮಾತ್ರವೆ? ಓರಾ ಮಾತುಶಾನ್ಸ್ಕಿ 2008ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹಲವು ಭಾಷೆಗಳ ಸಾಕ್ಷ್ಯವನ್ನು ಬಳಸಿ ಅದು ವಿಧೇಯವೆಂದು ವಾದಿಸಿದ್ದಾರೆ. ಇಂಗ್ಲಿಷ್ ಈ ಸ್ಥಾನದಲ್ಲಿ ಯಾವ ಗುರುತನ್ನೂ ತೊಡಿಸದಿರುವುದರಿಂದ ಅದೊಂದನ್ನೇ ನೋಡಿ ತೀರ್ಮಾನಕ್ಕೆ ಬರುವುದು ಕಷ್ಟ. ಚೀನೀ ಭಾಷೆ ಅದೇ ಸ್ಥಾನದಲ್ಲಿ ಬಹಳಷ್ಟು ಸಲ ಒಂದು ಪದವನ್ನಿರಿಸುತ್ತದೆ. ಆ ಪದ ಯಾವುದು, ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಚೀನೀ ಎಂದರೆ ಇಲ್ಲಿ ಇಂದಿನ ಶಿಷ್ಟ ಮ್ಯಾಂಡರಿನ್. ಪ್ರಾಚೀನ ರೂಪಗಳನ್ನು ಬಳಸಿದಲ್ಲಿ ಹಾಗೆಂದು ಸೂಚಿಸಿದ್ದೇವೆ. ಸ್ವರಭೇದ ಮುಖ್ಯವಾದೆಡೆ ಮಾತ್ರ ಅದನ್ನು ಅಂಕಿಯಿಂದ ಗುರುತಿಸಿದ್ದೇವೆ. ಅಸಾಧು ವಾಕ್ಯಗಳ ಹಿಂದೆ ನಕ್ಷತ್ರಚಿಹ್ನೆಯಿದೆ.

ಇಂಗ್ಲಿಷ್: ‘ನೇಮ್’ ಮತ್ತು ‘ಕಾಲ್’

‘ನೇಮ್’, ‘ಕಾಲ್’ ಎರಡೂ ಒಂದೇ ಚೌಕಟ್ಟಿನಲ್ಲಿ ಬರುತ್ತವೆ: ಕ್ರಿಯಾಪದ, ಅದರ ಬಳಿಕ ವಸ್ತು ಅಥವಾ ವ್ಯಕ್ತಿ, ಅದರ ಬಳಿಕ ಹೆಸರು. ಈ ಹೋಲಿಕೆ ಹೊರಗಿನದು. ‘ಐ ಕಾಲ್ ಮೈ ಡಾಗ್ ರೆಕ್ಸ್’ ಎಂಬುದು ದಿನನಿತ್ಯದ ರೂಢಿಯನ್ನು ಹೇಳುವ ಸಹಜ ವಾಕ್ಯ. ‘ಐ ನೇಮ್ ಮೈ ಡಾಗ್ ರೆಕ್ಸ್’ ಎಂಬುದನ್ನು ರೂಢಿಯ ಅರ್ಥದಲ್ಲಿ ಯಾರೂ ಆಡುವುದಿಲ್ಲ. ಆ ವಾಕ್ಯ ಸಲ್ಲುವುದು ನಾಮಕರಣದ ಕ್ಷಣದಲ್ಲಿ ಮಾತ್ರ, ಅಂದರೆ ಆಸ್ಟಿನ್ನರ ಹಡಗುಕಟ್ಟೆಯಲ್ಲಿ. ‘ದೇ ಕಾಲ್ಡ್ ಹಿಮ್ ಎ ಫೂಲ್’ ಸಾಧು. ‘*ದೇ ನೇಮ್ಡ್ ಹಿಮ್ ಎ ಫೂಲ್’ ಅಸಾಧು. ‘ಕಾಲ್’ ಹೆಸರಿಗೂ ಬಣ್ಣನೆಗೂ ಒಂದೇ ರೀತಿ ಒಗ್ಗುತ್ತದೆ, ‘ನೇಮ್’ ಒಗ್ಗುವುದಿಲ್ಲ. ಆದರೆ ‘ದೇ ನೇಮ್ಡ್ ಹಿಮ್ ಚೇರ್ಮನ್’ ಎಂಬಲ್ಲಿ ‘ನೇಮ್’ ನೇಮಕದ ಅರ್ಥವನ್ನು ತಾಳುತ್ತದೆ. ಈ ಕೊನೆಯ ಬಳಕೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಚೀನಿಯ ಸಂದರ್ಭದಲ್ಲಿ ಅದು ಮತ್ತೆ ಬರುತ್ತದೆ.

ಕ್ರಿಯಾಪದಕ್ಕೂ ಹೆಸರಿಗೂ ನಡುವೆ ಸಂಧಾನಪದವಿಲ್ಲದ ಕಾರಣ ಇಂಗ್ಲಿಷ್‌ನಲ್ಲಿ ಅರ್ಥಸಂದೇಹ ಸುಲಭವಾಗಿ ಹುಟ್ಟುತ್ತದೆ. ‘ಕಾಲ್ ಮಿ ಎ ಟ್ಯಾಕ್ಸಿ’ ಎಂದವನಿಗೆ ‘ಸರಿ, ನೀನೊಂದು ಟ್ಯಾಕ್ಸಿ’ ಎಂದು ಉತ್ತರಿಸುವ ಹಳೆಯ ನಗೆಚಾಟಿಕೆ ನಿಂತಿರುವುದೇ ಈ ಬರಿದಾದ ಸಂಧಿಯ ಮೇಲೆ. ಕನ್ನಡದಲ್ಲಿ ಆ ಹಾಸ್ಯ ಹುಟ್ಟಲಾರದು: ‘ನನಗೆ’ ಎಂದರೆ ಟ್ಯಾಕ್ಸಿ ಬರುತ್ತದೆ, ‘ನನ್ನನ್ನು ಟ್ಯಾಕ್ಸಿ ಎಂದು’ ಎಂದರೆ ಹೆಸರು ಅಂಟುತ್ತದೆ. ಚೀನಿಯಲ್ಲಿಯೂ ಹುಟ್ಟಲಾರದು, ಅಲ್ಲಿ ಟ್ಯಾಕ್ಸಿಯನ್ನು ಕರೆಸುವವನು ‘ಗೇಯ್ ವೊ’, ಅಂದರೆ ‘ನನಗೆ’, ಎಂಬುದರಿಂದ ತೊಡಗುತ್ತಾನೆ.

ಇಂಗ್ಲಿಷ್‌ಗೆ ಇನ್ನೊಂದು ಕೊರತೆಯಿದೆ. ‘ನನ್ನ ಹೆಸರು ಇಂಥದು’ ಎಂಬುದನ್ನು ಕರ್ತರಿಯಲ್ಲಿ ಒಂದೇ ಕ್ರಿಯಾಪದದಿಂದ ಹೇಳುವ ಶಕ್ತಿಯನ್ನು ಅದು ಕಳೆದುಕೊಂಡಿದೆ. ಹಳೆಯ ಇಂಗ್ಲಿಷ್‌ನ ‘ಹಾತನ್’ ಎಂಬ ಕ್ರಿಯಾಪದಕ್ಕೆ ‘ಹಾತ್ತೆ’ ಎಂಬ ರೂಪವಿತ್ತು. ಸಹಾಯಕ ಕ್ರಿಯಾಪದದ ನೆರವಿಲ್ಲದೆ ‘ಎನಿಸಿಕೊಳ್ಳುತ್ತಾನೆ’ ಎಂಬ ಅರ್ಥವನ್ನು ಕೊಡುತ್ತಿದ್ದ ಆ ರೂಪ ಜರ್ಮಾನಿಕ್ ಕರ್ಮಣಿಯ ಕೊನೆಯ ಅವಶೇಷ. ಅದರ ವಂಶದ ‘ಹೈಟ್’ ಹಳೆಯ ಕಾವ್ಯಗಳಲ್ಲಿ ಉಳಿದು ಆಡುಮಾತಿನಿಂದ ಮರೆಯಾಯಿತು. ಅದರ ಕೆಲಸವನ್ನು ಈಗ ಮಾಡುತ್ತಿರುವುದು ‘ಕಾಲ್’ನ ಕರ್ಮಣಿ: ‘ದ ರಿವರ್ ಈಸ್ ಕಾಲ್ಡ್...’. ಹಳೆಯ ನಾರ್ಸ್‌ನಿಂದ ಬಂದ ಈ ‘ಕಾಲ್’ ಮೂಲದಲ್ಲಿ ಕೂಗುವುದನ್ನು ಸೂಚಿಸುತ್ತಿದ್ದ ಪದ.

‘ಡಬ್’, ‘ಕ್ರಿಸನ್’, ‘ಟರ್ಮ್’, ‘ಡೆಸಿಗ್ನೇಟ್’ ಮುಂತಾದವುಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ‘ಡಬ್’ ವೀರಪದವಿಯ ವಿಧಿಯಿಂದ, ‘ಕ್ರಿಸನ್’ ಕ್ರೈಸ್ತ ದೀಕ್ಷೆಯಿಂದ ಬಂದವು. ಎರಡೂ ಮೇಲಿನ ಚೌಕಟ್ಟಿಗೇ ಸೇರುತ್ತವೆ.

ಚೀನೀ: ಕೂಗುವ ಪದ, ಇಡುವ ಪದ

ಚೀನಿಯ ‘ಜಿಯಾವ್’ ಕೂಡ ಕೂಗು ಎಂಬ ಅರ್ಥದ ಪದ. ಹೆಸರಿಸುವ ಕ್ರಿಯಾಪದಕ್ಕೆ ಇಂಗ್ಲಿಷ್, ಚೀನೀ ಎರಡೂ ಬೇರೆಬೇರೆಯಾಗಿ ಕೂಗುವಿಕೆಯ ಮೂಲವನ್ನೇ ಆಯ್ದುಕೊಂಡಿವೆ. ನಮ್ಮ ‘ಕರೆ’ಯೂ ಅದೇ ಜಾತಿಯದು. ಆದರೆ ‘ಜಿಯಾವ್’ ನಿಂತ ಜಾಗದಲ್ಲಿಯೇ ಎರಡು ದಿಕ್ಕಿಗೆ ತಿರುಗುತ್ತದೆ. ‘ಝೆ ಥಿಯಾವ್ ಹ ಜಿಯಾವ್ ಛಾಂಗ್‌ಜಿಯಾಂಗ್’ ಎಂಬ ವಾಕ್ಯವನ್ನು ಪದಶಃ ನೋಡಿದರೆ ‘ಈ ನದಿ ಕರೆ ಛಾಂಗ್‌ಜಿಯಾಂಗ್’ ಎಂದಾಗುತ್ತದೆ. ಅರ್ಥ ‘ಈ ನದಿಯ ಹೆಸರು ಛಾಂಗ್‌ಜಿಯಾಂಗ್’ ಎಂಬುದು. ಕರ್ಮಣಿಯ ಗುರುತು ಎಲ್ಲಿಯೂ ಇಲ್ಲ. ಇಂಗ್ಲಿಷ್ ಕಳೆದುಕೊಂಡ ‘ಹೈಟ್’ ಚೀನಿಯಲ್ಲಿ ಇಂದಿಗೂ ಜೀವಂತವಾಗಿದೆ ಎನ್ನಬಹುದು. ‘ಶೇಯ್ ಜಿಯಾವ್ ಲಾವ್ ವಾಂಗ್’ ಎಂಬುದಕ್ಕೆ ‘ಲಾವ್ ವಾಂಗ್ ಎಂಬ ಹೆಸರಿನವರು ಯಾರು’ ಎಂದೂ ‘ಲಾವ್ ವಾಂಗನನ್ನು ಯಾರು ಕೂಗುತ್ತಿದ್ದಾರೆ’ ಎಂದೂ ಎರಡು ಅರ್ಥಗಳಿರುವುದು ಇದೇ ಕಾರಣಕ್ಕೆ. ಕ್ರಿಯೆ ನಡೆಯುತ್ತಿರುವುದನ್ನು ಸೂಚಿಸುವ ‘ಜ಼ಾಯ್’ ಮುಂದೆ ಬಂದೊಡನೆ ಮೊದಲನೆಯ ಅರ್ಥ ಅಳಿದು ಕೂಗುವ ಅರ್ಥವೊಂದೇ ಉಳಿಯುತ್ತದೆ. ಹೆಸರುಳ್ಳದ್ದಾಗಿರುವುದು ಸ್ಥಿತಿಯೇ ಹೊರತು ನಡೆಯುತ್ತಿರುವ ಕ್ರಿಯೆಯಲ್ಲ.

ಸ್ಥಿತಿವಾಚಕ ಹೆಸರುಕ್ರಿಯೆಗೆ ಇನ್ನೂ ಸೊಗಸಾದ ನಿದರ್ಶನ ‘ಶಿಂಗ್’. ಅದು ಕುಲನಾಮವೆಂಬ ನಾಮಪದವೂ ಹೌದು, ‘ಇಂಥ ಕುಲನಾಮದವನಾಗಿರು’ ಎಂಬ ಕ್ರಿಯಾಪದವೂ ಹೌದು. ಕ್ರಿಯಾಪದವಾದ್ದರಿಂದ ಅದನ್ನು ನಿಷೇಧಿಸಬಹುದು: ‘ತಾ ಬು ಶಿಂಗ್ ವಾಂಗ್’, ಅವನು ವಾಂಗ್ ಕುಲದವನಲ್ಲ. 1921-22ರಲ್ಲಿ ಪ್ರಕಟವಾದ ಲು ಶುನ್‌ರ ಆ ಕ್ಯೂ ಕಥೆಯಲ್ಲಿ ನಾಯಕ ತಾನು ಝಾವ್ ಕುಲದವನೆಂದು ಹೇಳಿಕೊಂಡದ್ದಕ್ಕೆ ಊರಿನ ಝಾವ್ ಯಜಮಾನ ಅವನ ಕೆನ್ನೆಗೆ ಹೊಡೆಯುತ್ತಾನೆ. ಆ ಹೆಸರಿನ ಯೋಗ್ಯತೆ ನಿನಗಿಲ್ಲವೆಂಬ ಯಜಮಾನನ ಗದರಿಕೆಯಲ್ಲಿ ‘ಶಿಂಗ್’ ಕ್ರಿಯಾಪದವಾಗಿಯೇ ಬರುತ್ತದೆ. ‘ನಿನ್ನ ಕುಲನಾಮ ಝಾವ್ ಅಲ್ಲ’ ಎಂದು ಅನುವಾದಿಸಿದರೆ ಅದು ಸಂಗತಿಯೊಂದರ ನಿರಾಕರಣೆಯಾಗುತ್ತದೆ. ಮೂಲದಲ್ಲಿ ನಿರಾಕರಣೆಗೆ ಗುರಿಯಾಗಿರುವುದು ಹಕ್ಕು. ಕುಲನಾಮವನ್ನು ಕ್ರಿಯೆಯಾಗಿಸುವ ಪದ ಇಂಗ್ಲಿಷ್‌ನ ಬಳಕೆಯಲ್ಲಿಲ್ಲದ ಕಾರಣ ಅನುವಾದಕರು ಇಲ್ಲಿ ಸುತ್ತುದಾರಿಯನ್ನು ಹಿಡಿಯಬೇಕಾಗುತ್ತದೆ.

ಇಡುವ ಕ್ರಿಯೆಗೆ ಚೀನಿಯಲ್ಲಿ ಬೇರೆ ಪದಗಳಿವೆ. ‘ಛಿಮಿಂಗ್’ ಎಂದರೆ ಹೆಸರನ್ನು ಎತ್ತು, ‘ಛ್ಯುಮಿಂಗ್’ ಎಂದರೆ ಹೆಸರನ್ನು ಆರಿಸಿಕೊ, ‘ಮಿಂಗ್4ಮಿಂಗ್2’ ಎಂದರೆ ಹೆಸರನ್ನು ವಿಧಿಸು. ಕೊನೆಯದರಲ್ಲಿ ಆಜ್ಞೆಯ ‘ಮಿಂಗ್4’, ಹೆಸರಿನ ‘ಮಿಂಗ್2’ ಎರಡಕ್ಕೂ ಸ್ವರವೊಂದೇ ಅಂತರ. ಕ್ರಿ.ಶ. 100ರ ಸುಮಾರಿಗೆ ಶು ಶೆನ್ ರಚಿಸಿದ ‘ಶುವೊವೆನ್ ಜಿಯೆಜ಼’ ಎಂಬ ಲಿಪಿಕೋಶ ಹೆಸರಿನ ‘ಮಿಂಗ್2’ನ್ನು ವಿವರಿಸುವುದು ಆಜ್ಞೆಯ ‘ಮಿಂಗ್4’ ಮೂಲಕವೇ. ಆ ಚಿಹ್ನೆಯಲ್ಲಿ ಬಾಯಿ ಮತ್ತು ಸಂಜೆ ಸೇರಿರುವುದಕ್ಕೆ ಅದು ಕೊಡುವ ಕಾರಣ, ಕತ್ತಲಲ್ಲಿ ಪರಸ್ಪರ ಕಾಣದೆ ಜನ ಬಾಯಿಂದಲೇ ತಮ್ಮ ಹೆಸರನ್ನು ಹೇಳಿಕೊಳ್ಳುತ್ತಾರೆ ಎಂಬುದು. ವ್ಯುತ್ಪತ್ತಿಯಾಗಿ ಇದಕ್ಕೆ ಎಷ್ಟು ಬೆಲೆಯೋ ಬೇರೆ ಮಾತು. ಹೆಸರು ಮೊದಲು ಬಾಯಿಂದ ಹೊರಟ ಉಕ್ತಿ ಎಂಬ ಭಾವನೆ ಆ ವಿವರಣೆಯೊಳಗಿದೆ ಎಂಬುದು ನಮಗೆ ಮುಖ್ಯ.

‘ಛಿಮಿಂಗ್’ ಮುಂತಾದವುಗಳ ಒಳಗೆ ಹೆಸರೆಂಬ ಕರ್ಮ ಮೊದಲೇ ಸೇರಿಕೊಂಡಿರುತ್ತದೆ. ಆದುದರಿಂದ ಮಗುವಿಗೆ ಕರ್ಮಸ್ಥಾನ ಉಳಿದಿಲ್ಲ. ಅದು ‘ಗೇಯ್’ ಎಂಬ ಉಪಸರ್ಗದೊಡನೆ ಚತುರ್ಥಿಯ ನೆಲೆಗೆ ಸರಿಯುತ್ತದೆ: ‘ಗೇಯ್ ಹಾಯ್‌ಜ಼ ಛಿಮಿಂಗ್’, ಮಗುವಿಗೆ ಹೆಸರಿಡು. ಕರೆಯುವ ವಾಕ್ಯದಲ್ಲಾದರೋ ಮಗು ‘ಬಾ’ ಎಂಬ ಕರ್ಮಸೂಚಕವನ್ನು, ಅಥವಾ ಆಡುಮಾತಿನಲ್ಲಿ ‘ಜಿಯಾವ್’ ಜೊತೆಗೆ ಮಾತ್ರ ಒಡನಾಡುವ ‘ಗುವಾನ್’ ಎಂಬುದನ್ನು ಪಡೆಯುತ್ತದೆ. ಚೀನಿಯ ‘ಗೇಯ್’ ಮತ್ತು ‘ಬಾ’ಗಳ ಹಂಚಿಕೆ ಕನ್ನಡದ ಚತುರ್ಥಿ, ದ್ವಿತೀಯೆಗಳ ಹಂಚಿಕೆಗೆ ನೇರವಾಗಿ ಹೊಂದುತ್ತದೆ. ಎರಡನ್ನೂ ಒಂದೇ ಕರ್ಮಸ್ಥಾನದಲ್ಲಿ ಬೆಸೆದಿರುವುದು ಇಂಗ್ಲಿಷ್.

‘ವೇಯ್’ ಎಂಬ ಸಂಧಾನಪದ

ಇನ್ನು ಹೆಸರಿನ ಸ್ಥಾನವನ್ನು ನೋಡೋಣ. ‘ಮಿಂಗ್‌ಮಿಂಗ್’ ಆದ ಮೇಲೆ ಹೆಸರನ್ನು ನೇರವಾಗಿ ಇರಿಸುವುದು ಶಿಷ್ಟ ಗದ್ಯದಲ್ಲಿ ಸಹಜವಲ್ಲ. ನಡುವೆ ‘ವೇಯ್’ ಬರಬೇಕು: ‘ಬೇಯ್ ಮಿಂಗ್‌ಮಿಂಗ್ ವೇಯ್...’, ಇಂಥದೆಂದು ಹೆಸರಿಸಲ್ಪಟ್ಟಿತು. ಈ ‘ವೇಯ್’ ಪ್ರಾಚೀನ ಚೀನಿಯಿಂದ ಬಂದ, ಆಗು, ಆಗಿರು ಎಂಬ ಅರ್ಥದ ಕ್ರಿಯಾಪದ. ‘ಬಿಯಾನ್‌ವೇಯ್’ ಎಂದರೆ ಮಾರ್ಪಟ್ಟು ಇನ್ನೊಂದಾಗು, ‘ಛೆಂಗ್‌ವೇಯ್’ ಎಂದರೆ ಆಗು. ‘ಜಿಯಾವ್’ ಜೊತೆಗೆ ಇದೇ ಕೆಲಸವನ್ನು ‘ಜ಼ುವೊ’, ಅಂದರೆ ಮಾಡು, ಆಗು ಎಂಬ ಪದ ಮಾಡುತ್ತದೆ.

ಎಲ್ಲೆಡೆಯೂ ಹೀಗೆಂದಲ್ಲ. ‘ಜಿಯಾವ್ ತಾ ಲಾವ್ ವಾಂಗ್’, ಅವನನ್ನು ಲಾವ್ ವಾಂಗ್ ಎಂದು ಕರೆ, ಎಂಬಲ್ಲಿ ಸಂಧಾನಪದವಿಲ್ಲ. ‘ಛೆಂಗ್’ ಎಂಬ ಗ್ರಾಂಥಿಕ ಕ್ರಿಯಾಪದವೂ ಅದಿಲ್ಲದೆ ಬರಬಲ್ಲದು. ‘ಛ್ಯುಮಿಂಗ್’ ಬಳಿಕ ನೇರವಾಗಿ ಹೆಸರು ಬರುವ ಬರಹಗಳು ಸಾಕಷ್ಟಿವೆ. ಆದ್ದರಿಂದ ‘ವೇಯ್’ ಕಡ್ಡಾಯವೆಂದು ನಾವು ಹೇಳಲಾರೆವು. ಸಾಕ್ಷ್ಯಕ್ಕೆ ಮಿತಿಮೀರದ ಮಾತು ಇಷ್ಟು: ಕರೆಯುವ ಕ್ರಿಯಾಪದಗಳು ಬರಿದಾದ ಹೆಸರನ್ನು ಸುಲಭವಾಗಿ ಸಹಿಸುತ್ತವೆ, ವಿಧಿಯುಕ್ತವಾಗಿ ಹೆಸರನ್ನು ಸ್ಥಾಪಿಸುವ ಕ್ರಿಯಾಪದದ ಕಡೆಗೆ ಹೋದಷ್ಟೂ ‘ವೇಯ್’ ಬಲಗೊಳ್ಳುತ್ತದೆ. ಹೊಸ ಸ್ಥಿತಿಯೊಂದು ಹುಟ್ಟುವಲ್ಲಿ ‘ಆಗು’ ಎಂಬ ಪದ ಬೇಕೆನಿಸುವುದು ಅಸಹಜವೇನಲ್ಲ.

ನೇಮಕದ ವಾಕ್ಯ ಇಲ್ಲಿ ನೆರವಿಗೆ ಬರುತ್ತದೆ. ಯಾರನ್ನಾದರೂ ಅಧ್ಯಕ್ಷರನ್ನಾಗಿ ನೇಮಿಸುವುದಕ್ಕೆ ಚೀನಿಯಲ್ಲಿ ‘ರೆನ್‌ಮಿಂಗ್ ... ವೇಯ್’ ಎನ್ನುತ್ತಾರೆ: ಅದೇ ಆಜ್ಞೆಯ ‘ಮಿಂಗ್4’, ಅದೇ ‘ವೇಯ್’. ಇಂಗ್ಲಿಷ್‌ನ ‘ನೇಮ್’ ಎರಡೂ ಅರ್ಥಗಳನ್ನು ಹೊತ್ತಿರುವುದನ್ನು ಮೇಲೆ ನೋಡಿದೆವು. ‘ಚೇರ್ಮನ್’ ವಿಧೇಯವೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಅದೇ ಚೌಕಟ್ಟಿನ ‘ಮೇರಿ’ಯೂ ವಿಧೇಯವೆಂಬ ವಾದಕ್ಕೆ ಎರಡು ಭಾಷೆಗಳ ಈ ಹೊಂದಾಣಿಕೆ ಬಲ ಕೊಡುತ್ತದೆ.

ಆದರೆ ಕನ್ನಡ ಇಲ್ಲಿ ಜೊತೆಗೂಡುವುದಿಲ್ಲ. ‘ಅಧ್ಯಕ್ಷರನ್ನಾಗಿ ನೇಮಿಸಿದರು’ ಎಂಬಲ್ಲಿ ‘ಆಗಿ’ ಬರುತ್ತದೆ. ‘ಮೇರಿ ಎಂದು ಹೆಸರಿಟ್ಟರು’ ಎಂಬಲ್ಲಿ ‘ಎಂದು’. ‘*ಮೇರಿಯಾಗಿ ಹೆಸರಿಟ್ಟರು’ ಎಂದು ಯಾರೂ ಹೇಳರು. ಹೆಸರಿಸುವ ಕ್ರಿಯಾಪದ ಹಿಂದೆ ಸರಿದಾಗ ಮಾತ್ರ ‘ಆಗು’ ಮುಂದೆ ಬರುತ್ತದೆ: 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಪದವಿಯನ್ನು ವಿಧೇಯವಾಗಿಯೂ ಹೆಸರನ್ನು ಉಕ್ತಿಯಾಗಿಯೂ ಕಾಣುವ ಕನ್ನಡದ ಸಾಕ್ಷ್ಯ ಉದ್ಧರಣೆಯ ಪಕ್ಷಕ್ಕೆ ಅನುಕೂಲ.

ಹಾಗಾದರೆ ಚೀನೀ ಒಂದು ಪಕ್ಷ, ಕನ್ನಡ ಇನ್ನೊಂದು ಪಕ್ಷವೆ? ಚೀನಿಯ ಹಳೆಯ ಗದ್ಯವನ್ನು ತೆರೆದರೆ ಈ ವಿಭಜನೆ ನಿಲ್ಲುವುದಿಲ್ಲ. ಪ್ರಾಚೀನ ಚೀನಿಯಲ್ಲಿ ‘ಮಿಂಗ್ ಝ ಯುಯೆ’ ಎಂಬ ರಚನೆ ಪರಿಚಿತ: ‘ಅದನ್ನು ಹೆಸರಿಸಿ ಇಂತೆಂದ’ ಎಂಬಂತೆ. ‘ಯುಯೆ’ ಎಂದರೆ ಎನ್ನು. ಕನ್ಫ್ಯೂಶಿಯಸ್‌ನ ಮಾತುಗಳನ್ನು ಉದ್ಧರಿಸುವುದಕ್ಕೂ ಬರುವುದು ಅದೇ ಪದ. ರಚನೆಯ ದೃಷ್ಟಿಯಿಂದ ಇದು ನಮ್ಮ ‘ಎಂದು’ವಿನ ಸೋದರ. ‘ವೇಯ್’ ಕೂಡ ಅದೇ ಕಾಲದ ಗದ್ಯದಲ್ಲಿ ಹೆಸರಿನ ಮುಂದೆ ಕಾಣಿಸುತ್ತದೆ; ಒಂದು ಇನ್ನೊಂದನ್ನು ಉಚ್ಚಾಟಿಸಿತೆಂದು ಹೇಳುವಂತಿಲ್ಲ. ಇಂದಿಗೂ ‘ಮಿಂಗ್‌ಯುಯೆ’ ಗ್ರಾಂಥಿಕ ಶೈಲಿಯಲ್ಲಿ ಬದುಕಿದೆ. ಒಂದೇ ಭಾಷೆ ಒಂದೇ ಸ್ಥಾನದಲ್ಲಿ ‘ಎನ್ನು’ ಮತ್ತು ‘ಆಗು’ ಎರಡನ್ನೂ ಇರಿಸಬಲ್ಲದಾದರೆ, ಇಂಗ್ಲಿಷ್‌ನ ಖಾಲಿ ಸಂಧಿಯಲ್ಲಿ ಅಡಗಿರುವುದು ಎರಡರಲ್ಲಿ ಯಾವುದು ಎಂಬ ಪ್ರಶ್ನೆಯನ್ನು ಹಾಗೆ ಕೇಳುವುದೇ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಹೆಸರಿಸುವ ಕ್ರಿಯೆಯಲ್ಲಿ ಉಚ್ಚಾರವೂ ಉಂಟು, ಸ್ಥಿತ್ಯಂತರವೂ ಉಂಟು. ಭಾಷೆಗಳು ಇವುಗಳಲ್ಲಿ ಒಂದಕ್ಕೆ ಗುರುತು ತೊಡಿಸುತ್ತವೆ, ಇಲ್ಲವೆ ಎರಡನ್ನೂ ಮೌನವಾಗಿ ಬಿಡುತ್ತವೆ.

ಸರ್ವನಾಮ ಮತ್ತು ಪ್ರಶ್ನೆ

ಮೂರನೆಯ ಸಾಧ್ಯತೆಯನ್ನು, ಅಂದರೆ ಹೆಸರು ಇಲ್ಲಿ ವ್ಯಕ್ತಿಯನ್ನೇ ನಿರ್ದೇಶಿಸುತ್ತದೆ ಎಂಬುದನ್ನು, ತಳ್ಳಿಹಾಕುವುದು ಸುಲಭ. ‘ಡೋಂಟ್ ಕಾಲ್ ಮಿ ಮೇರಿ’ ಎಂಬಲ್ಲಿಯ ‘ಮೇರಿ’ಗೆ ಬದಲಾಗಿ ‘ಹರ್’ ಬರಲಾರದು. ಬರುವುದು ‘ದ್ಯಾಟ್’: ‘ಡೋಂಟ್ ಕಾಲ್ ಮಿ ದ್ಯಾಟ್’. ವ್ಯಕ್ತಿಯ ಹೆಸರಿಗೆ ಇಂಗ್ಲಿಷ್ ಇಲ್ಲಿ ಜಡವಸ್ತುವಿನ ಸರ್ವನಾಮವನ್ನು ಬಳಸುತ್ತದೆ. ಚೀನೀ ಇನ್ನೂ ಮುಂದೆ ಹೋಗಿ ಸರ್ವನಾಮವನ್ನೇ ಬಿಡುತ್ತದೆ: ‘ಬಿಯೆ ಝೆಮ ಜಿಯಾವ್ ವೊ’, ಹೀಗೆ ನನ್ನನ್ನು ಕರೆಯಬೇಡ. ‘ಝೆಮ’ ರೀತಿವಾಚಕ ಅವ್ಯಯ. ಕನ್ನಡದ ‘ಹಾಗೆ ಕರೆಯಬೇಡ’ ಎಂಬುದೂ ಅಂಥದೇ. ಇಂಗ್ಲಿಷ್‌ನಲ್ಲಿ ಹೆಸರು ಒಂದು ‘ಅದು’. ಚೀನೀ, ಕನ್ನಡಗಳಲ್ಲಿ ಅದು ಕರೆಯುವ ಬಗೆ.

ಪ್ರಶ್ನಾರ್ಥಕಗಳಲ್ಲಿ ಚೀನೀ ಒಂದು ಸೂಕ್ಷ್ಮ ಭೇದವನ್ನು ಕಾಪಾಡಿಕೊಂಡಿದೆ. ಹೆಸರನ್ನು ಕೇಳುವಾಗ ‘ಜಿಯಾವ್ ಶೆನ್‌ಮ’, ಏನು. ಪರಿಚಯವಿಲ್ಲದವರನ್ನು ಗೌರವದಿಂದ ವಿಚಾರಿಸುವಾಗ ‘ಜ಼ೆನ್‌ಮ ಛೆಂಗ್‌ಹು’, ಹೇಗೆ ಸಂಬೋಧಿಸಲಿ. ಮೊದಲನೆಯದಕ್ಕೆ ಉತ್ತರ ಹೆಸರು. ಎರಡನೆಯದಕ್ಕೆ ಉತ್ತರ ಕುಲನಾಮದೊಡನೆ ವೃತ್ತಿಪದವಾಗಿರಬಹುದು, ವಯಸ್ಸನ್ನು ಸೂಚಿಸುವ ಸಂಬೋಧನೆಯಾಗಿರಬಹುದು. ಹೆಸರು ಬಾರದೆಯೂ ಇರಬಹುದು.

ಯಾರ ಹೆಸರನ್ನು ಇಡಬಹುದು

ಇನ್ನೊಬ್ಬರ ಹೆಸರನ್ನಿಡುವುದಕ್ಕೆ ಇಂಗ್ಲಿಷ್ ‘ಆಫ್ಟರ್’ ಎಂಬ ಅನುಸರಣೆಯ ಪದವನ್ನೂ, ಅಮೆರಿಕದ ಬಳಕೆಯಲ್ಲಿ ‘ಫಾರ್’ ಎಂಬುದನ್ನೂ ತರುತ್ತದೆ. ಚೀನೀ ‘ಯೀ ... ಮಿಂಗ್‌ಮಿಂಗ್’ ಎನ್ನುತ್ತದೆ, ‘ಯೀ’ ಎಂದರೆ ಅದರಿಂದ, ಅದನ್ನು ಬಳಸಿ. ಅಂದರೆ ಹಳೆಯ ಹೆಸರು ಇಲ್ಲಿ ತೃತೀಯಾ ವಿಭಕ್ತಿಯ ಸಾಧನ. ಗುವಾಂಗ್‌ಡಾಂಗ್ ಪ್ರಾಂತ್ಯದ ಶಿಯಾಂಗ್‌ಶಾನ್ ಜಿಲ್ಲೆಯನ್ನು 1925ರಲ್ಲಿ, ಸುನ್ ಯಾತ್‌ಸೆನ್ ನಿಧನರಾದ ವರ್ಷವೇ, ಝೊಂಗ್‌ಶಾನ್ ಎಂದು ಮರುನಾಮಕರಣ ಮಾಡಿದ್ದು ಇಂಥ ವಾಕ್ಯಕ್ಕೆ ಒಳ್ಳೆಯ ನಿದರ್ಶನ. ಆ ಹೆಸರಾದರೂ ಅವರು ಜಪಾನಿನಲ್ಲಿದ್ದಾಗ ಬಳಸಿದ ನಾಕಾಯಾಮಾ ಎಂಬ ಕುಲನಾಮದ ಚೀನೀ ಓದು.

ಊರು, ವಿಶ್ವವಿದ್ಯಾಲಯ, ನಿಯಮ, ಧೂಮಕೇತುಗಳಿಗೆ ಸಲ್ಲುವ ಈ ರಚನೆ ಸಾಂಪ್ರದಾಯಿಕ ಚೀನೀ ಕುಟುಂಬದೊಳಗೆ ಸಲ್ಲುವುದಿಲ್ಲ. ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರನ್ನಿಡುವುದು ಗೌರವ. ಅಲ್ಲಿ ಹಿರಿಯರ ಹೆಸರಿನ ಅಕ್ಷರವನ್ನು ಕಿರಿಯರಿಗಿಡುವುದು ಅಗೌರವ. ‘ಹುಯ್’ ಎಂಬ ನಾಮನಿಷೇಧದ ವ್ಯಾಪ್ತಿ ರಾಜನ ವಿಷಯದಲ್ಲಿ ಇಡೀ ಆಡಳಿತಭಾಷೆಗೇ ಹಬ್ಬುತ್ತಿತ್ತು. ತಾಂಗ್ ವಂಶದ ತಾಯ್‌ಜ಼ೊಂಗ್ ಚಕ್ರವರ್ತಿಯ ಸ್ವಂತ ಹೆಸರು ಲಿ ಶಿಮಿನ್. 649ರಲ್ಲಿ ಅವನು ತೀರಿಕೊಂಡು ಮಗ ಪಟ್ಟಕ್ಕೆ ಬಂದಾಗ ‘ಮಿನ್‌ಬು’ ಎಂಬ ಸಚಿವಾಲಯ ‘ಹುಬು’ ಆಯಿತು, ‘ಮಿನ್’ ಎಂಬ ಅಕ್ಷರ ಆ ಹೆಸರಿನಲ್ಲಿದ್ದುದರಿಂದ. ಹೆಸರು ಉದ್ಧರಿಸಿದ ಶಬ್ದಮಾತ್ರವೆಂಬ ನಿಲುವು ನೆಟ್ಟಗೆ ಎದುರಿಸಬೇಕಾದ ಸಂಗತಿಯಿದು: ಇಲ್ಲಿ ಉದ್ಧರಣೆಯೇ ಅಪರಾಧ.

ಹೊಸ ವಸ್ತು, ಹೊಸ ಅಕ್ಷರ

ಕೊನೆಯದಾಗಿ, ಒಂದೇ ವಸ್ತುವಿಗೆ ಎರಡು ಭಾಷೆಗಳಲ್ಲಿ ವಿಧಿಯುಕ್ತವಾಗಿ ಹೆಸರಿಟ್ಟ ಇತ್ತೀಚಿನ ಪ್ರಕರಣ. ಪರಮಾಣು ಸಂಖ್ಯೆ 113, 115, 117, 118ರ ಮೂಲಧಾತುಗಳಿಗೆ 2016ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ರಸಾಯನವಿಜ್ಞಾನ ಒಕ್ಕೂಟವು ನಿಹೋನಿಯಂ, ಮಾಸ್ಕೋವಿಯಂ, ಟೆನೆಸ್ಸೀನ್, ಓಗನೆಸಾನ್ ಎಂಬ ಹೆಸರುಗಳನ್ನು ಅಂಗೀಕರಿಸಿತು. ಇಂಗ್ಲಿಷ್‌ನಲ್ಲಿ ವರ್ಗವನ್ನು ಸೂಚಿಸುವುದು ಪ್ರತ್ಯಯ: 117ಕ್ಕೆ ಹ್ಯಾಲೊಜನ್‌ಗಳ ‘-ಈನ್’, 118ಕ್ಕೆ ಜಡಾನಿಲಗಳ ‘-ಆನ್’. ಚೀನೀ ಹೆಸರುಗಳು 2017ರ ಮೇ ತಿಂಗಳಲ್ಲಿ ಪ್ರಕಟವಾದವು: ನಿ, ಮೊ, ಥಿಯಾನ್, ಆವ್. ಇಲ್ಲಿ ವರ್ಗ ಅಡಗಿರುವುದು ಲಿಪಿಯಲ್ಲಿ. ಮೊದಲೆರಡರ ಎಡಭಾಗದಲ್ಲಿ ಲೋಹದ ಅಂಗ, ಥಿಯಾನ್‌ನಲ್ಲಿ ಕಲ್ಲಿನ ಅಂಗ, ಆವ್‌ನ ಮೇಲೆ ಅನಿಲದ ಅಂಗ. ಅಂಗದ ಜೊತೆಗೆ ಧ್ವನಿಸೂಚಕವನ್ನು ಕೂಡಿಸುವ ಈ ಪದ್ಧತಿಯನ್ನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಶಾಂಘೈನ ಜಿಯಾಂಗ್‌ನಾನ್ ಶಸ್ತ್ರಾಗಾರದ ಅನುವಾದ ವಿಭಾಗದಲ್ಲಿ ಶು ಶೋವ್ ಮತ್ತು ಜಾನ್ ಫ್ರೈಯರ್ ವ್ಯವಸ್ಥಿತವಾಗಿ ಬಳಕೆಗೆ ತಂದಿದ್ದರು. ‘ಮೊ’ಗೆ ಪ್ರಾಚೀನ ಖಡ್ಗವೊಂದರ ಹೆಸರಿನಲ್ಲಿದ್ದ ಅಕ್ಷರ ಸಿಕ್ಕಿತು; ‘ಥಿಯಾನ್’, ‘ಆವ್’ಗಳಿಗೆ ಅಕ್ಷರವನ್ನೇ ಹೊಸದಾಗಿ ರಚಿಸಬೇಕಾಯಿತು.

‘ವೇಯ್’ ಆದ ಬಳಿಕ ಬರುವುದು ಇಂಥ ಅಕ್ಷರವಾದಾಗ, ಕಿವಿಗೆ ಬೀಳುವ ‘ಆವ್’ ಅದೇ ಉಚ್ಚಾರದ ಇತರ ಪದಗಳಿಂದ ಬೇರೆಯಾಗಿ ಕೇಳಿಸುವುದಿಲ್ಲ. ಆಡುವವನು ಅಕ್ಷರವನ್ನು ಬರೆದು ತೋರಿಸಬೇಕು, ಇಲ್ಲವೆ ‘ಅನಿಲದ ಅಂಗದ ಆವ್’ ಎಂದು ಬಿಡಿಸಿ ಹೇಳಬೇಕು. ಕನ್ನಡದ ‘ಎಂದು’, ಪ್ರಾಚೀನ ಚೀನಿಯ ‘ಯುಯೆ’ ಎರಡೂ ಹೆಸರನ್ನು ಬಾಯಿಂದ ಹೊರಟ ಉಕ್ತಿಯೆಂದು ಎಣಿಸಿ ಹುಟ್ಟಿದ ಪದಗಳು. 2017ರ ನಾಮಕರಣದಲ್ಲಿ ಹೊಸದಾಗಿ ಹುಟ್ಟಿದ್ದು ಬರಹ. ಉಚ್ಚಾರ ಮೊದಲೇ ಭಾಷೆಯಲ್ಲಿತ್ತು.